ಕುರ್ಚಿಯಿಂದ ಏಳುವುದು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅಪ್ಪನಿಂದ ಬಂದದ್ದು ಎಂದು ಅಮ್ಮ ಹೇಳುತ್ತಿದ್ದಳು, ಅಮ್ಮನಿಂದ ಬಂದದ್ದು ಎಂದು ಅಪ್ಪ. ಅಪ್ಪ ತೆಲುಗಿನವರು, ವಿಶಾಖಪಟ್ಟಣದ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದರು. ಅಮ್ಮ ಗದಗಿನವಳು. ಇಬ್ಬರೂ ಜಗಳಕ್ಕೆ ಮಾತ್ರ ತಂತಮ್ಮ ಭಾಷೆ ಇಟ್ಟುಕೊಂಡಿದ್ದರಿಂದ ನನಗೆ ಎರಡರಲ್ಲೂ ಚೆನ್ನಾಗಿ ಬೈಯಲು ಬರುತ್ತದೆ.

ನನ್ನ ಹೆಸರು ಮಾಧವೀಲತಾ, ಕೆಲಸ ವ್ಯಾಯಾಮ ಮಾಡಿಸುವುದು. ಬೆಳಿಗ್ಗೆ ವಿಶಾಖಪಟ್ಟಣದ್ದೇ ಬಡಾವಣೆ ಮಧುರವಾಡದ ಒಂದು ಜಿಮ್ಮಿನಲ್ಲಿ ಐಟಿ ಕಂಪನಿಯವರಿಗೆ, ಮಧ್ಯಾಹ್ನ ಮನೆಗಳಿಗೆ ಹೋಗಿ ವಯಸ್ಸಾದವರಿಗೆ. ನಮ್ಮ ಕಸುಬಿನಲ್ಲಿ ಬಾಯಿಗೆ ಬಂದದ್ದನ್ನು ಹೇಳಿ, ಬೆವರಿಳಿಸಿ ಕಳಿಸುವವರೇ ಹೆಚ್ಚು. ಮೈಕೈ ನೋವು ಬಂದರೆ ವ್ಯಾಯಾಮ ಹತ್ತಿತು ಎನ್ನುತ್ತಾರೆ, ಬರದಿದ್ದರೆ ಇನ್ನೂ ಇಪ್ಪತ್ತು ಹೊಡಿ ಎನ್ನುತ್ತಾರೆ. ನಾನು ಹಾಗಲ್ಲ. ಮೊದಲು ಅಳೆಯುತ್ತೇನೆ. ಆಮೇಲೆ, ಇಂಥವರಿಗೆ ಯಾವುದು ಫಲ ಕೊಟ್ಟಿದೆ ಎಂದು ಅಧ್ಯಯನ ಮಾಡಿದವರು ಬರೆದಿದ್ದನ್ನು ಓದುತ್ತೇನೆ. ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತೇನೆ. ಭಾರ ಹೆಚ್ಚಿಸಿದರೆ ಎಣಿಕೆ ಹೆಚ್ಚಿಸುವುದಿಲ್ಲ. ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆಯನ್ನು ಅಮ್ಮ ರೇಷನ್ ಅಂಗಡಿಯ ತಕ್ಕಡಿ ಕಂಡಾಗೆಲ್ಲ ಹೇಳುತ್ತಿದ್ದಳು. ನಾನು ಅದನ್ನೇ ಕಸುಬು ಮಾಡಿಕೊಂಡೆ. ಆ ಬಗ್ಗೆ ನನಗೆ ಜಂಬ ಇತ್ತು.

ವಿಜಯಲಕ್ಷ್ಮೀ ಅಮ್ಮನವರ ಮನೆಗೆ ನಾನು ಮೊದಲು ಹೋದದ್ದು ಹೋದ ವರ್ಷವಲ್ಲ, ಅದರ ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ. ಅವರಿಗೆ ಎಪ್ಪತ್ತಾರು ವರ್ಷ. ಧಾರವಾಡದವರು. ಮಗ ರಮಾಕಾಂತ ಬ್ಯಾಂಕಿನಲ್ಲಿ ಅಧಿಕಾರಿ. ವರ್ಗವಾಗಿ ಬಂದು ಮಧುರವಾಡದ ಹೊಸ ಅಪಾರ್ಟ್‌ಮೆಂಟೊಂದರ ಮೂರನೆಯ ಮಹಡಿಯಲ್ಲಿದ್ದರು. ಸೊಸೆ ಹರಿಣಿ. ವಿಜಯಲಕ್ಷ್ಮೀ ಅಮ್ಮನಿಗೆ ನ್ಯುಮೋನಿಯಾ ಆಗಿ ಇಪ್ಪತ್ತು ದಿನ ಆಸ್ಪತ್ರೆಯ ಮಂಚದ ಮೇಲಿದ್ದರು. ಎದೆ ಗುಣವಾಯಿತು, ಕಾಲು ಹೋಯಿತು. ಆ ವಯಸ್ಸಿನವರು ಹತ್ತು ದಿನ ಅಲುಗದೆ ಮಲಗಿದರೆ ಕಾಲುಗಳಿಂದ ಹೆಚ್ಚುಕಡಿಮೆ ಒಂದು ಕಿಲೋ ಮಾಂಸ ಇಳಿದುಹೋಗುತ್ತದೆ ಎಂದು ಅಳೆದು ನೋಡಿದವರಿದ್ದಾರೆ. ಅಮ್ಮ ಅದರ ಎರಡು ಪಟ್ಟು ಮಲಗಿದ್ದರು.

ರಮಾಕಾಂತ ಅವರಂಥ ಮಗನನ್ನು ನಾನು ಬೇರೆಲ್ಲೂ ಕಂಡಿಲ್ಲ. ಐವತ್ತೆರಡರ ಮನುಷ್ಯ, ಸ್ವತಃ ಮಂಡಿನೋವು. ಆದರೂ ತಾಯಿಯ ಕಂಕುಳಿಗೆ ಕೈ ಕೊಟ್ಟು ಮಂಚದಿಂದ ಎತ್ತುವರು, ಕುರ್ಚಿಯಲ್ಲಿ ಕೂರಿಸುವರು, ಬ್ಯಾಂಕಿಗೆ ಹೊರಡುವ ಮೊದಲು ಅವರ ಪಾದಕ್ಕೆ ಎಣ್ಣೆ ಹಚ್ಚುವರು. ಹರಿಣಿ ತಲೆ ಬಾಚುವರು, ತುತ್ತು ಮಾಡಿ ಬಾಯಿಗಿಡುವರು. ಅಮ್ಮ ಲೋಟಕ್ಕೆ ಕೈ ಚಾಚಿದರೆ ಸಾಕು, ಇಬ್ಬರೂ ಓಡಿ ಬಂದು ಲೋಟ ತಾವೇ ಎತ್ತುವರು. ನೋಡಿದವರು ಪುಣ್ಯವಂತೆ ಎನ್ನಬೇಕು, ಹಾಗಿತ್ತು ಮನೆ.

ಮೊದಲ ದಿನ ಅಮ್ಮ ಸೊಸೆಯನ್ನು ಕಾಫಿ ಮಾಡಲು ಕಳಿಸಿದರು, ಮಗನನ್ನು ಏನೋ ನೆಪ ಹೇಳಿ ಹೊರಗೆ ಅಟ್ಟಿದರು. ಆಮೇಲೆ ನನ್ನ ಕೈ ಹಿಡಿದು ದನಿ ತಗ್ಗಿಸಿದರು.

"ನೋಡವಾ, ನನಗ ಓಡೂದು ಬ್ಯಾಡ, ಗುಡ್ಡಾ ಹತ್ತೂದು ಬ್ಯಾಡ. ನನ್ನ ಮಗ ನನ್ನ ಸಂಡಾಸಕ್ಕ ಎತ್ತಿಕೊಂಡು ಹೋಗ್ತಾನ. ಬಾಗಲದ ಹೊರಗ ನಿಂತು ‘ಆತೇನಮ್ಮಾ’ ಅಂತ ಕೇಳ್ತಾನ. ಅದೊಂದು ತಪ್ಪಸು. ನಾನ ಎದ್ದು ಹೋಗಿ ನಾನ ಬರೂಹಂಗ ಮಾಡು. ಸಾಯೂತನಕ ನನಗ ಅಷ್ಟ ಸಾಕು."

"ಆಗುತ್ತಮ್ಮ. ಆದರೆ ನಿಧಾನ ಆಗುತ್ತೆ," ಎಂದೆ.

"ನಿಧಾನಕ್ಕ ಏನು, ನಾ ಎಲ್ಲಿ ಹೊಂಟೀನಿ?"

ಪರೀಕ್ಷೆ ಬಹಳ ಸರಳ. ಕೈಯಿಲ್ಲದ ಕುರ್ಚಿಯಲ್ಲಿ ಕೂರಬೇಕು, ತೋಳುಗಳನ್ನು ಎದೆಯ ಮೇಲೆ ಕಟ್ಟಬೇಕು, ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಕೂರುತ್ತಾರೆ ಎಂದು ಎಣಿಸಬೇಕು. ಅವರ ವಯಸ್ಸಿನ ಹೆಂಗಸರಿಗೆ ಹತ್ತಕ್ಕಿಂತ ಕಡಿಮೆಯಾದರೆ ಬೀಳುವ ಭಯ ಹೆಚ್ಚು. ಅಮ್ಮ ಅವತ್ತು ಒಂದು ಸಲವೂ ಏಳಲಿಲ್ಲ. ಮುಂದೆ ಬಾಗಿ, ಹಲ್ಲು ಕಚ್ಚಿ, ಕುರ್ಚಿಯಿಂದ ನಾಲ್ಕು ಬೆರಳು ಮೇಲೆ ಬಂದು ಧೊಪ್ಪನೆ ಕೂತರು. ನಾನು ಕಾರ್ಡಿನಲ್ಲಿ ಸೊನ್ನೆ ಬರೆದೆ.

"ಸೊನ್ನೀನೂ ಬರಕೋತೀಯೇನು?"

"ಅದನ್ನೇ ಮೊದಲು ಬರೀಬೇಕಮ್ಮ."

ಅಮ್ಮ ನಕ್ಕರು. ಅಷ್ಟರಲ್ಲಿ ಹೊರಗಿನಿಂದ ವಾಪಸು ಬಂದಿದ್ದ ರಮಾಕಾಂತ ನಗಲಿಲ್ಲ.

ಕುರ್ಚಿಯ ಮೇಲೆ ಎರಡು ದಿಂಬು ಇಟ್ಟು ಶುರು ಮಾಡಿದೆ. ಎತ್ತರದಿಂದ ಏಳುವುದು ಸುಲಭ. ವಾರಕ್ಕೆ ಮೂರು ದಿನ, ಪ್ರತಿ ದಿನ ಮೂರು ಸುತ್ತು. ಇನ್ನೂ ಎರಡು ಮಾಡಬಲ್ಲೆ ಎನ್ನಿಸುವಾಗಲೇ ನಿಲ್ಲಿಸಬೇಕು. ಮೂರನೆಯ ವಾರ ಒಂದು ದಿಂಬು ತೆಗೆದೆ, ಆರನೆಯ ವಾರ ಇನ್ನೊಂದು. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಗೋಡೆ ತಳ್ಳುವುದು, ಹಜಾರದ ಉದ್ದಕ್ಕೂ ನಡೆಯುವುದು. ನಾನು ಬಂದಾಗೆಲ್ಲ ರಮಾಕಾಂತ ಮನೆಯಲ್ಲಿದ್ದರೆ ಅಮ್ಮನ ಮೊಣಕೈ ಹಿಡಿಯಲು ಧಾವಿಸುತ್ತಿದ್ದರು. "ಸರ್, ಕೈ ಹಿಂದೆ ಕಟ್ಟಿಕೊಳ್ಳಿ, ಇಲ್ಲ ಬ್ಯಾಂಕಿಗೆ ಹೋಗಿ," ಎಂದು ನಾನು ಗದರುತ್ತಿದ್ದೆ. ಆತ ಕೈ ಹಿಂದೆ ಕಟ್ಟಿಕೊಂಡು, ಬೇರೆ ಕಡೆ ನೋಡುತ್ತ ನಿಲ್ಲುತ್ತಿದ್ದರು. ಕಣ್ಣಲ್ಲಿ ನೀರು ಇರುತ್ತಿತ್ತು. ನಾನು ಒಳಗೊಳಗೇ ಆಡಿಕೊಳ್ಳುತ್ತಿದ್ದೆ: ಇವರ ಪ್ರೀತಿ ಅಮ್ಮನನ್ನು ನ್ಯುಮೋನಿಯಾಕ್ಕಿಂತ ಬೇಗ ಮುಗಿಸುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನೇ ಅಮ್ಮನ ಮಾತಿಗೆ ಒಪ್ಪಿದೆ. ತಿಂಗಳಿಗೆ ಎರಡು ಏಕಾದಶಿ ಅವರಿಗೆ ನಿರ್ಜಲ ಉಪವಾಸ, ಒಂದು ಹನಿ ನೀರನ್ನೂ ಮುಟ್ಟುವವರಲ್ಲ. ಕಾಯಿಲೆಯವರಿಗೆ ವಿನಾಯಿತಿ ಉಂಟು ಎಂದು ಮಗ ಹೇಳಿ ಹೇಳಿ ಸೋತಿದ್ದರು. ನಾನು ವಾದಕ್ಕೆ ಹೋಗಲಿಲ್ಲ. ಪಂಚಾಂಗ ಕೇಳಿಕೊಂಡು ಕಾರ್ಡಿನಲ್ಲಿ ಆ ದಿನಗಳ ಮುಂದೆ ‘ವಿಶ್ರಾಂತಿ’ ಎಂದು ಬರೆದೆ. ನೀರಿಲ್ಲದ ಮೈಯಲ್ಲಿ ವಯಸ್ಸಾದವರು ಗಕ್ಕನೆ ಎದ್ದರೆ ರಕ್ತದೊತ್ತಡ ಕುಸಿಯುತ್ತದೆ, ಕಣ್ಣು ಕತ್ತಲಿಡುತ್ತದೆ. ನನಗೆ ಇದು ಗೊತ್ತಿತ್ತು. ಕೆಂಪು ಪೆನ್ನಿನಲ್ಲಿ ಬರೆದವಳೇ ನಾನು.

ನವೆಂಬರಿನಲ್ಲಿ ನಾಲ್ಕು ಬಂತು. ಡಿಸೆಂಬರಿನಲ್ಲಿ ಏಳು. ಸಂಕ್ರಾಂತಿ ಕಳೆದ ಮೇಲೆ ಒಂಬತ್ತು. ದಿನದ ಅಭ್ಯಾಸದಲ್ಲಿ ಹಾಸ್ಟೆಲಿನಲ್ಲಿ ಓದುತ್ತಿದ್ದ ಮೊಮ್ಮಗಳ ಹಳೆಯ ಸ್ಕೂಲ್ ಬ್ಯಾಗಿಗೆ ತೊಗರಿಬೇಳೆಯ ಎರಡು ಪೊಟ್ಟಣ ಹಾಕಿ ಎದೆಗೆ ಕಟ್ಟಿದೆವು. "ಬ್ಯಾಳಿ ಹೊತ್ತ ಹಮಾಲಿ ಆದೆ ನೋಡು," ಎಂದು ಅಮ್ಮ ಫೋನಿನಲ್ಲಿ ತಂಗಿಗೆ ಹೇಳುವುದನ್ನು ಕೇಳಿದ್ದೇನೆ. ಫೆಬ್ರವರಿಯ ಮೊದಲ ವಾರ ಹನ್ನೊಂದು ಮಾಡಿದರು.

ಅಷ್ಟರಲ್ಲಿ ಅವರು ಒಬ್ಬರೇ ಎದ್ದು ಹೋಗಿ ಬರುತ್ತಿದ್ದರು. ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದರು. ಮಗ ಬಾಗಿಲ ಹೊರಗೆ ಉಸಿರು ಬಿಗಿಹಿಡಿದು ನಿಂತರೆ ಒಳಗಿನಿಂದಲೇ ಬೈಯುತ್ತಿದ್ದರು. ಅವರು ಹೊರಗೆ ಬಂದು ಸೆರಗಿಗೆ ಕೈ ಒರೆಸಿಕೊಳ್ಳುವಾಗಿನ ಮುಖ ನೋಡಬೇಕಿತ್ತು. ನನ್ನ ಹದಿಮೂರು ವರ್ಷದ ಕೆಲಸದಲ್ಲಿ ಎಷ್ಟೋ ಜನರ ಹೊಟ್ಟೆ ಕರಗಿಸಿದ್ದೇನೆ, ತೋಳು ಉಬ್ಬಿಸಿದ್ದೇನೆ. ಅಂಥ ಸಂತೋಷ ನನಗೆ ಬೇರೆ ಯಾರಿಂದಲೂ ಸಿಕ್ಕಿಲ್ಲ.

ಆ ತಿಂಗಳ ಏಕಾದಶಿಗೆ ಹರಿಣಿಯ ತಂದೆ ಅಶ್ವತ್ಥರಾಯರು ಹೆಂಡತಿಯೊಂದಿಗೆ ಧಾರವಾಡದಿಂದ ಬಂದರು. ಸಿಂಹಾಚಲದ ದರ್ಶನ ಮುಗಿಸಿ ಮಗಳ ಮನೆಯಲ್ಲಿ ಇಳಿದುಕೊಂಡಿದ್ದರು. ಬೀಗಿತ್ತಿ ಬೇಳೆಯ ಚೀಲ ಹೊತ್ತು ಎದ್ದು ಕೂರುತ್ತಾರಂತೆ ಎನ್ನುವುದು ಆಗಲೇ ಅವರ ಕಿವಿಗೆ ಬಿದ್ದಿತ್ತು. ಮಧ್ಯಾಹ್ನ ಎರಡಕ್ಕೆ ರಮಾಕಾಂತ ನನಗೆ ಫೋನ್ ಮಾಡಿದರು.

"ಮೇಡಂ, ಇವತ್ತು ನಿಮಗ ರಜಾ ಅದ, ಗೊತ್ತದ. ನಮ್ಮ ಮಾವನವರು ಬಂದಾರ, ಸ್ವಲ್ಪ ಬ್ಯಾಸರಾ ಮಾಡ್ಕೊಂಡಾರ. ಬಂದು ಒಂದೀಟು ತಿಳಿಸಿ ಹೇಳ್ತೀರೇನು? ನಾ ಹೇಳಿದರ ಕೇಳೂದಿಲ್ಲ."

ನಾನು ಫೈಲು ಹಿಡಿದುಕೊಂಡು ಹೋದೆ. ಅಮ್ಮನ ಕಾರ್ಡುಗಳು, ನಾಲ್ಕೈದು ಅಧ್ಯಯನಗಳ ಪ್ರತಿ, ಬಣ್ಣದ ಗೆರೆ ಹಾಕಿದ ಗ್ರಾಫು. ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಉಪವಾಸದ ಮನೆಯಲ್ಲಿ ಮಧ್ಯಾಹ್ನ ಯಾರಿಗೂ ಮಾಡಲು ಕೆಲಸವಿರುವುದಿಲ್ಲ. ಎಲ್ಲರೂ ಹಜಾರದಲ್ಲಿ ಕೂತಿದ್ದರು. ಅಮ್ಮ ಮೂಲೆಯ ಕುರ್ಚಿಯಲ್ಲಿದ್ದರು, ತುಟಿ ಒಣಗಿತ್ತು. ನನ್ನನ್ನು ಕಂಡು ಕಣ್ಣಲ್ಲೇ ನಕ್ಕರು.

ನಾನು ಅರ್ಧ ಗಂಟೆ ಹೇಳಿದೆ. ಅಶ್ವತ್ಥರಾಯರು ಮೇಷ್ಟರಾಗಿದ್ದವರು. ಫೈಲನ್ನು ಕೈಗೆ ತೆಗೆದುಕೊಂಡು, ತೆರೆಯದೆ, ತೊಡೆಯ ಮೇಲೆ ಇಟ್ಟುಕೊಂಡೇ ಕೇಳಿದರು.

"ಕಾಗದದಾಗ ಏನರೆ ಬರೀಬಹುದು ತಂಗಿ. ನಮ್ಮ ಕಡೆ ಹಿರಿಯರನ್ನ ಕೂಡಿಸಿ ಸೇವಾ ಮಾಡ್ತೀವಿ. ಎಪ್ಪತ್ತಾರು ವರ್ಷದ ಹೆಣಮಗಳ ಕೈಲೆ ಬೈಠಕ್ ಹೊಡಸೂದಿಲ್ಲ. ನಿಮ್ಮ ತೆಲುಗರ ಕಡೆ ಹೆಂಗದನೋ ನಮಗ ಗೊತ್ತಿಲ್ಲ."

ತಪ್ಪಾಗಿ ಏನೂ ಹೇಳಲಿಲ್ಲ ಎನ್ನುವಂತೆ ನಕ್ಕರು. ಹರಿಣಿ ತಲೆ ತಗ್ಗಿಸಿದರು. ರಮಾಕಾಂತ "ಮಾವಾ" ಎಂದರು, ಅಷ್ಟೇ. ನನಗೆ ನೆತ್ತಿಗೇರಿತು. ಸಿಟ್ಟಿನ ಕೈಗೆ ಬುದ್ಧಿ ಕೊಟ್ಟೆ.

"ಕಾಗದ ಬೇಡ ಬಿಡಿ ಸರ್. ಕಣ್ಣಿಂದಲೇ ನೋಡಿ," ಎಂದು ಫೋನಿನಲ್ಲಿ ಮೂವತ್ತು ಸೆಕೆಂಡು ಇಟ್ಟೆ. "ಅಮ್ಮಾ, ಕೈ ಕಟ್ಟಿಕೊಳ್ಳಿ. ಏಳಿ."

ಪ್ರತಿ ಸಲ ಶುರು ಮಾಡುವ ಮೊದಲು ಮೂರು ಪ್ರಶ್ನೆ ಕೇಳುವುದು ನನ್ನ ಪದ್ಧತಿ. ರಾತ್ರಿ ನಿದ್ದೆ ಬಂತಾ, ಏನು ತಿಂದಿರಿ, ಇವತ್ತು ಮಾಡುವ ಹಾಗಿದೆಯಾ. ಇದು ಉಪಚಾರದ ಮಾತಲ್ಲ. ಅವತ್ತಿನ ಅಭ್ಯಾಸವೆಲ್ಲ ಆ ಉತ್ತರದ ಮೇಲೆ ನಿಂತಿರುತ್ತದೆ. ಹೊಸಬರಿಗೆ ಕಲಿಸುವಾಗ ಮೊದಲು ಇದನ್ನೇ ಹೇಳುತ್ತೇನೆ. ಅವತ್ತು ಕೇಳಲಿಲ್ಲ. ಅಮ್ಮ ಒಂದು ಕ್ಷಣ ನನ್ನ ಮುಖ ನೋಡಿದರು. ನಾನು ಅವರನ್ನು ನೋಡುತ್ತಿರಲಿಲ್ಲ, ಅಶ್ವತ್ಥರಾಯರನ್ನು ನೋಡುತ್ತಿದ್ದೆ.

ಅಮ್ಮ ಎದ್ದರು. ಒಂದು, ಎರಡು, ಮೂರು. ಬೀಗರ ಎದುರು ಬೆನ್ನು ನೆಟ್ಟಗೆ ಮಾಡಿಕೊಂಡು, ಸೆರಗು ಬಿಗಿದು, ಹೆಮ್ಮೆಯಿಂದಲೇ ಎದ್ದರು. ನಾನು ಗಟ್ಟಿಯಾಗಿ ಎಣಿಸುತ್ತಿದ್ದೆ. ಆರು, ಏಳು. ಎಂಟಕ್ಕೆ ಅವರ ಮುಖದ ಬಣ್ಣ ಇಳಿದದ್ದನ್ನು ಕಂಡೆ. ಇನ್ನೂ ಎಂಟು ಸೆಕೆಂಡು ಇತ್ತು. ಹತ್ತು ಮುಟ್ಟಿದರೆ ಸಾಕು ಎಂದುಕೊಂಡೆ. ಒಂಬತ್ತಕ್ಕೆ ಎದ್ದು ನಿಂತವರು ಕಟ್ಟಿದ ಕೈ ಬಿಡಿಸಿ, ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋದರು. ಮೊಣಕಾಲು ಮಡಿಸಿಕೊಂಡವು. ನಾನು ಹಾರಿ ಹಿಡಿದೆ. ಇಬ್ಬರೂ ನೆಲಕ್ಕೆ ಕುಸಿದೆವು.

ಮೂಳೆ ಮುರಿಯಲಿಲ್ಲ. ತಲೆಗೆ ಪೆಟ್ಟಾಗಲಿಲ್ಲ. ಆದರೆ ಸೀರೆ ಒದ್ದೆಯಾಯಿತು. ನನ್ನ ತೊಡೆಯ ಮೇಲೆ ಆ ಬಿಸಿ ತಾಗಿದಾಗ ನನಗೆ ತಿಳಿಯಿತು, ಆಮೇಲೆ ಅದು ಬಿಳಿಯ ಟೈಲ್ಸಿನ ಮೇಲೆ ಹರಿದು ಅಶ್ವತ್ಥರಾಯರ ಕಾಲಿನ ಹತ್ತಿರ ಹೋಯಿತು. ಆತ ಕಾಲು ಮೇಲೆತ್ತಿಕೊಂಡರು. ಎದ್ದು ಬಾಲ್ಕನಿಗೆ ಹೋಗಿ ಬೆನ್ನು ಮಾಡಿ ನಿಂತರು. ಅವರ ಹೆಂಡತಿ ಬಾಯಿಗೆ ಸೆರಗು ಹಿಡಿದರು. ಅಮ್ಮನಿಗೆ ಅಷ್ಟರಲ್ಲಿ ಎಚ್ಚರ ಬಂದಿತ್ತು. ಎಚ್ಚರ ಬಾರದಿದ್ದರೆ ಒಳ್ಳೆಯದಿತ್ತು. ಸುತ್ತ ನೋಡಿದರು, ಕೆಳಗೆ ನೋಡಿದರು, ಕಣ್ಣು ಮುಚ್ಚಿಕೊಂಡರು.

ಡಾಕ್ಟರು ಕೆಲವು ದಿನ ವಿಶ್ರಾಂತಿ ಎಂದರು. ಮನೆಯವರು ಆ ಕೆಲವು ದಿನವನ್ನು ಮುಗಿಸಲೇ ಇಲ್ಲ. ರಮಾಕಾಂತ ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. "ಸಾಕು ಮೇಡಂ, ಇನ್ನ ನಾವ ನೋಡ್ಕೋತೀವಿ," ಎಂದು ಬಾಗಿಲಲ್ಲೇ ಕೈ ಮುಗಿದರು. ಎರಡು ಸಲ ಹೋದೆ. ಅಮ್ಮ ಮಲಗಿದ್ದಾರೆ ಎಂದರು. ಮೇ ತಿಂಗಳಲ್ಲಿ ರಮಾಕಾಂತ ಅವರಿಗೆ ವಿಜಯವಾಡಕ್ಕೆ ವರ್ಗವಾಯಿತು. ಕಾರ್ಡಿನಲ್ಲಿ ಆ ಏಕಾದಶಿಯ ದಿನದ ಮುಂದೆ ‘ವಿಶ್ರಾಂತಿ’ ಎಂದೇ ಇತ್ತು. ಅದನ್ನು ಹೊಡೆದು ‘ಒಂಬತ್ತು, ಬಿದ್ದರು’ ಎಂದು ನಾನು ಬರೆಯಲಿಲ್ಲ.

ಹೋದ ತಿಂಗಳು, ಎಲ್ಲ ಕಳೆದು ಹದಿಮೂರು ತಿಂಗಳಾದ ಮೇಲೆ, ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಒಂದು ಹೋಟೆಲಿನಲ್ಲಿ ತರಬೇತುದಾರರ ಕಾರ್ಯಾಗಾರ ಇತ್ತು. ಹಿರಿಯರಿಗೆ ಶಕ್ತಿ ವ್ಯಾಯಾಮ ರೂಪಿಸುವುದು ಹೇಗೆ ಎಂದು ಮಾತಾಡಲು ನನ್ನನ್ನು ಕರೆದಿದ್ದರು. ಅರವತ್ತು ಜನ ಇದ್ದರು. ಹೆಸರು ಹೇಳದೆ ಅಮ್ಮನ ಗ್ರಾಫು ತೋರಿಸಿದೆ: ಸೊನ್ನೆ, ನಾಲ್ಕು, ಏಳು, ಒಂಬತ್ತು, ಹನ್ನೊಂದು. ಗೆರೆ ಹನ್ನೊಂದಕ್ಕೆ ನಿಂತಿತ್ತು. ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿದ್ದ ಚರಣ್ ಎನ್ನುವ ತರಬೇತುದಾರ ಕೈ ಎತ್ತಿ, ಆಮೇಲೆ ಏನಾಯಿತು ಎಂದು ಕೇಳಿದ.

"ಅವರಿಗೆ ವರ್ಗ ಆಯಿತು. ಊರು ಬಿಟ್ಟರು," ಎಂದೆ.

ಸುಳ್ಳಲ್ಲ. ಆದರೆ ಇಂಥ ಉತ್ತರವನ್ನು ಬೇರೆ ಯಾರಾದರೂ ಕೊಟ್ಟಿದ್ದರೆ ನಾನು ಅವರನ್ನು ಸಭೆಯಲ್ಲೇ ಹರಿದು ಹಾಕುತ್ತಿದ್ದೆ. ಗ್ರಾಫನ್ನು ಚಂದ ಕಾಣುವಲ್ಲಿಗೆ ಕತ್ತರಿಸುವವರನ್ನು ಕಂಡರೆ ನನಗೆ ಮೈಯುರಿ. ವೇದಿಕೆಯಿಂದ ಇಳಿದವಳು ಊಟಕ್ಕೆ ಹೋಗಲಿಲ್ಲ. ರಮಾಕಾಂತ ಅವರಿಗೆ ಫೋನ್ ಮಾಡಿದೆ. ಆತ ಸಂತೋಷದಿಂದಲೇ ವಿಳಾಸ ಹೇಳಿದರು. ಅಲ್ಲಿಂದ ಹತ್ತು ನಿಮಿಷದ ದಾರಿ.

ನಾಲ್ಕನೆಯ ಮಹಡಿ. ಕೆಳಗಿನ ರಸ್ತೆಯ ಹಾರ್ನು ಅಷ್ಟು ಮೇಲಕ್ಕೂ ಕೇಳುತ್ತಿತ್ತು. ಹರಿಣಿ ಬಾಗಿಲು ತೆಗೆದು, ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅಮ್ಮನಿಗೆಂದೇ ಒಂದು ಕೋಣೆ. ಎರಡೂ ಬದಿಗೆ ಕಂಬಿಯಿದ್ದ ಮಂಚ, ಗಾಳಿ ತುಂಬುವ ಹಾಸಿಗೆ, ಗೋಡೆಗೆ ದೇವರ ಪಟ. ಹಗಲೂ ರಾತ್ರಿ ನೋಡಿಕೊಳ್ಳಲು ಕನಕಲಕ್ಷ್ಮಿ ಎನ್ನುವ ನಡುವಯಸ್ಸಿನ ಹೆಂಗಸು. ಕೋಣೆಯಲ್ಲಿ ಒಂದಿಷ್ಟೂ ವಾಸನೆ ಇರಲಿಲ್ಲ. ಹಾಗೆ ಇಟ್ಟುಕೊಳ್ಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಅಮ್ಮ ನಿದ್ದೆಯಲ್ಲಿದ್ದರು. ಹೊದಿಕೆಯ ಕೆಳಗೆ ಕಾಲು ಇದೆಯೋ ಇಲ್ಲವೋ ಎನ್ನುವಷ್ಟು ತೆಳ್ಳಗಿತ್ತು.

"ಒಂದು ಹೆಜ್ಜಿ ನೆಲದ ಮ್ಯಾಲ ಇಡ್ಲಿಕ್ಕೆ ಬಿಟ್ಟಿಲ್ಲ ನೋಡ್ರಿ," ಎಂದರು ಹರಿಣಿ. "ಡೈಪರ್ ಸುದ್ಧಾ ದಿನಕ್ಕ ನಾಲ್ಕು ಸಲ ಬದಲಸ್ತೀವಿ. ಬೆನ್ನಿಗೆ ಒಂದು ಹುಣ್ಣು ಆಗಿಲ್ಲ."

ಅದು ಹೆಚ್ಚುಗಾರಿಕೆಯ ಮಾತಲ್ಲ. ಅವರು ನಿಜವಾಗಿಯೂ ಅಷ್ಟು ಮಾಡಿದ್ದರು. ನನಗೆ ಅಳು ಬಂತು.

ಹಜಾರದಲ್ಲಿ ರಮಾಕಾಂತ ಕಾಫಿ ಕೊಟ್ಟರು. ನಾನು ಲೋಟ ಕೆಳಗಿಟ್ಟು ಹೇಳಿಬಿಟ್ಟೆ.

"ಸರ್, ಅವತ್ತು ಅಮ್ಮ ಬಿದ್ದದ್ದು ವ್ಯಾಯಾಮದಿಂದ ಅಲ್ಲ. ನನ್ನಿಂದ. ಏಕಾದಶಿ ದಿನ ಮಾಡಿಸಬಾರದು ಅಂತ ನಾನೇ ಬರೆದಿದ್ದೆ. ನಿಮ್ಮ ಮಾವನವರ ಮೇಲಿನ ಸಿಟ್ಟಿಗೆ ಮಾಡಿಸಿದೆ. ಅಮ್ಮನ ಕಾಲು ಚೆನ್ನಾಗಿತ್ತು ಸರ್. ಅವರು ನಡೀತಿದ್ದರು. ನಾನು ಅವತ್ತು ಸುಮ್ಮನೆ ಇದ್ದಿದ್ದರೆ ಇವತ್ತೂ ನಡೀತಿದ್ದರು."

ಬೈಯಲಿ ಎಂದು ಕಾದೆ. ಆತ ತಮ್ಮ ಲೋಟವನ್ನೂ ಕೆಳಗಿಟ್ಟರು.

"ಮೇಡಂ, ಕರೆದಾಂವ ನಾ. ಏಕಾದಶಿ ಅಂತ ನನಗೂ ಗೊತ್ತಿತ್ತು. ನೀವು ಏಳ್ರಿ ಅಂದಾಗ ನಾನೂ ಬ್ಯಾಡ ಅನಲಿಲ್ಲ. ಅಮ್ಮ ಮಾಡಿ ತೋರಿಸಲಿ ಅಂತ ಒಳಗ ನನಗೂ ಆಶಾ ಇತ್ತು." ಮಂಡಿಯನ್ನು ಒತ್ತಿಕೊಂಡರು. "ಈಗ ಮತ್ತ ಆಗ್ತದೇನು?"

ಆಗುತ್ತದೆ ಎಂದೆ. ತೊಂಬತ್ತು ದಾಟಿದವರೂ ಕೆಲವೇ ವಾರಗಳಲ್ಲಿ ಕಾಲಿಗೆ ಬಲ ತಂದುಕೊಂಡ ಅಧ್ಯಯನಗಳಿವೆ. ಮೊದಲು ಡಾಕ್ಟರಿಗೆ ತೋರಿಸೋಣ, ಮೊದಲ ತಿಂಗಳು ಮಲಗಿದಲ್ಲೇ, ಆಮೇಲೆ ಮಂಚದ ಅಂಚಿನಲ್ಲಿ ಕೂತು. ವಿಜಯವಾಡದಲ್ಲಿ ಒಳ್ಳೆಯ ಫಿಸಿಯೋ ಹುಡುಕಿಕೊಡುತ್ತೇನೆ, ಹದಿನೈದು ದಿನಕ್ಕೊಮ್ಮೆ ನಾನೇ ರೈಲಿಗೆ ಬರುತ್ತೇನೆ.

"ಅಮ್ಮ ಹೂಂ ಅಂದರ ನಾಳೆನೇ ಶುರು ಮಾಡ್ರಿ," ಎಂದರು ರಮಾಕಾಂತ. "ಕೈ ಹಿಂದ ಕಟಗೊಂಡು ನಿಂದರ್ತೀನಿ."

ಎಷ್ಟು ತಿಂಗಳಿಂದ ಈ ಮನೆಯವರನ್ನು ಮನಸ್ಸಿನಲ್ಲೇ ದೂರಿಕೊಂಡು ಬಂದಿದ್ದೆ! ಇದಕ್ಕೆ ಬೇಕಾಗಿದ್ದದ್ದು ಒಂದು ಲೋಟ ಕಾಫಿ, ಒಂದು ನಿಜ. ನಾನು ಓಡುನಡಿಗೆಯಲ್ಲೇ ಕೋಣೆಗೆ ಹೋದೆ.

ಅಮ್ಮನಿಗೆ ಎಚ್ಚರವಾಗಿತ್ತು. ನನ್ನನ್ನು ತಕ್ಷಣ ಗುರುತಿಸಿದರು. ಕನಕಲಕ್ಷ್ಮಿಯನ್ನು ಕಣ್ಣಿನಲ್ಲೇ ಹೊರಗೆ ಕಳಿಸಿದರು. ನಾನು ಕಂಬಿ ಇಳಿಸಿ ಪಕ್ಕದಲ್ಲಿ ಕೂತೆ. ಅನುಮತಿ ಕೇಳಿ ಹೊದಿಕೆ ಸರಿಸಿ ಮೀನಖಂಡ ಮುಟ್ಟಿ ನೋಡಿದೆ. ಮೂಳೆಯ ಮೇಲೆ ಸಡಿಲ ಚರ್ಮ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಪಾದ ಒತ್ತಿ ಎಂದೆ. ನನ್ನ ಅಂಗೈಗೆ ಒಂದಿಷ್ಟು ಒತ್ತಡ ತಾಗಿತು. ಸಾಕು, ಅಷ್ಟಿದ್ದರೆ ಶುರು ಮಾಡಬಹುದು.

"ಅಮ್ಮ, ಸರ್ ಒಪ್ಪಿದ್ದಾರೆ. ಮೊದಲಿನ ಹಾಗೇ ಮಾಡೋಣ. ನಿಧಾನಕ್ಕೆ. ಮತ್ತೆ ನೀವೇ ಎದ್ದು ಹೋಗಿ ನೀವೇ ಬರಬಹುದು."

"ಬ್ಯಾಡ," ಎಂದರು.

ಕೇಳಿಸಿಕೊಂಡಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. ಅವರು ಕೈ ಎತ್ತಿ ತಡೆದರು.

"ಕೇಳಸ್ತು ಮಾಧವಿ. ರಮಾ ತಡದಾನಂತ ನಾ ಮಲಗೀನಿ ಅಂತ ತಿಳಕೊಂಡೀಯೇನು? ಅವ ಯಾವತ್ತರ ನನ್ನ ಮಾತು ಮೀರ್ಯಾನೇನು? ಎಂಟ ದಿನಕ್ಕ ಡಾಕ್ಟರು ನಡೀಬಹುದು ಅಂದಿದ್ದರು. ನಾನ ಏಳೂದಿಲ್ಲ ಅಂದೆ."

"ತಪ್ಪು ನಂದು ಅಮ್ಮ. ಅವತ್ತು ಏಕಾದಶಿ ಅಂತ ನನಗೆ ಗೊತ್ತಿತ್ತು."

"ನಿನಗ ಗೊತ್ತಿತ್ತಂತ ನನಗೂ ಗೊತ್ತದ. ಬಿದ್ದದ್ದಕ್ಕಲ್ಲ ಹುಚ್ಚಿ. ಸೀರಿ ತೊಯಿಸ್ಕೊಂಡದ್ದೂ ಮರತೇನು, ಬೀಗರು ಏನು ದಿನಾ ಬರ್ತಾರ?" ದಿಂಬಿನ ಮೇಲೆ ತಲೆ ಸರಿಪಡಿಸಿಕೊಂಡರು. "ಈ ಮನ್ಯಾಗ ಎಲ್ಲಾರೂ ನನ್ನ ಎತ್ತತಾರ. ಏಳಸತಾರ, ಕೂಡಸತಾರ, ಹೊರಳಸತಾರ. ಏಳ್ತೀಯೇನಮ್ಮಾ ಅಂತ ಕೇಳಾಕಿ ನೀ ಒಬ್ಬಾಕಿ ಇದ್ದಿ. ಅದಕ್ಕ ಎದ್ದೆ ನಾ. ಅವತ್ತ ನೀನೂ ಕೇಳಲಿಲ್ಲ. ಅವರಿಗೆ ತೋರಸಲಿಕ್ಕೆ ನೀನೂ ನನ್ನ ಎತ್ತಿ ಹಿಡದಿ."

ನಾನು ಅವರ ಪಾದ ಹಿಡಿದುಕೊಂಡೆ. ಎರಡು ಭಾಷೆಯೂ ಕೈಕೊಟ್ಟವು.

"ಕೇಳಿದ್ದರ ನಾ ಒಲ್ಲೆ ಅಂತಿರಲಿಲ್ಲ," ಎಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ. "ನಾಳೆ ಮಾಡ್ತೀನಿ ಅಂತಿದ್ದೆ. ದ್ವಾದಶಿ ಪಾರಣಿ ಮುಗಿಸಿ, ಹೊಟ್ಟಿತುಂಬ ಉಂಡು, ಅವರನ್ನೆಲ್ಲಾ ಸಾಲಾಗಿ ಕೂಡಿಸಿ ಹನ್ನೆರಡು ಮಾಡಿ ತೋರಸ್ತಿದ್ದೆ."

ಮಾಡುತ್ತಿದ್ದರು. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಕನಕಲಕ್ಷ್ಮಿ ಹೊಸ ಡೈಪರ್ ಹಿಡಿದು ಒಳಗೆ ಬಂದಳು. ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು, ನಾನು ಎದ್ದು ಹೊರಗೆ ಬಂದೆ.